ಬಿಳಿ ಮೂರರ ಷಡ್ಜ ಹಿಡಿದು ಬ್ರಾಮ್ಸ್ ಕೇಳಿ

ಓದುಗರ ಪ್ರಶ್ನೆ: ಸಂಗೀತ

(ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಹೋದ ಸಂಚಿಕೆಯಲ್ಲಿ, ಜರ್ಮನ್ ಸಂಗೀತಕಾರ ಬ್ರಾಮ್ಸ್ ಅವರು ದೊಡ್ಡ ವಾದ್ಯಮೇಳಕ್ಕೆ ನಾಲ್ಕು ಭಾಗಗಳಲ್ಲಿ ಬರೆದ ನಾಲ್ಕನೇ ಸಿಂಫನಿಯ ಒಂದು ರೆಕಾರ್ಡಿಂಗ್ ಕೇಳಿ ಎಂದು ಎರಡು ಸಾಲು ಬರೆದಿದ್ದೆ. ಅದಕ್ಕೇ ಇಡೀ ಅಂಕಣವನ್ನು ಅದಕ್ಕೆ ಕೊಡುತ್ತಿದ್ದೇನೆ.)

ಪ್ರಶ್ನೆ: ಗುರುಗಳಿಗೆ ನಮಸ್ಕಾರ. ನಾನು ಗದಗಿನವಳು, ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತಳಾಗಿದ್ದೇನೆ. ಚಿಕ್ಕಂದಿನಿಂದ ವೀರೇಶ್ವರ ಪುಣ್ಯಾಶ್ರಮದ ಸಂಗೀತ ಕೇಳುತ್ತ ಬೆಳೆದವಳು. ಹಾರ್ಮೋನಿಯಂ ಅಷ್ಟಿಷ್ಟು ಬರುತ್ತದೆ. ನೀವು ಹೇಳಿದ ಬ್ರಾಮ್ಸ್ ಸಿಂಫನಿಯನ್ನು ಮಗನ ಕಡೆಯಿಂದ ತರಿಸಿಕೊಂಡು ಕೇಳಿದೆ. ಕಾರ್ಲೋಸ್ ಕ್ಲೈಬರ್ ನಡೆಸಿದ್ದು, ವಿಯೆನ್ನಾ ಫಿಲ್‌ಹಾರ್ಮೋನಿಕ್ ಮೇಳ ನುಡಿಸಿದ್ದು. ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಕೈಗೆ ಏನೂ ಸಿಗಲಿಲ್ಲ ನೋಡ್ರಿ. ಇದರಲ್ಲಿ ರಾಗ ಯಾವುದು? ತಾಳ ಎಲ್ಲಿದೆ? ಅಷ್ಟು ಜನ ಒಮ್ಮೆಗೇ ನುಡಿಸುವಾಗ ನಾನು ಯಾರ ಹಿಂದೆ ಹೋಗಬೇಕು?

ಉತ್ತರ: ಅಕ್ಕೋರೆ, ನಿಮಗೆ ಹಾರ್ಮೋನಿಯಂ ಬರುತ್ತದೆ ಅಂದಿರಲ್ಲ, ಅರ್ಧ ಕೆಲಸ ಆಯಿತು ಅಂತ ತಿಳಿಯಿರಿ. ರೆಕಾರ್ಡಿಂಗ್ ಆಮೇಲೆ ಹಾಕೋಣ. ಮೊದಲು ಪೆಟ್ಟಿಗೆ ತೆಗೆಯಿರಿ.

ಬಿಳಿ ಮೂರನ್ನು, ಅಂದರೆ ಸಪ್ತಕದ ಮೂರನೇ ಬಿಳಿ ಪಟ್ಟಿಯನ್ನು, ಷಡ್ಜ (ಸಾ) ಮಾಡಿಕೊಳ್ಳಿ. ಈಗ ಈ ಎಂಟು ಸ್ವರ ನುಡಿಸಿ: ಸಾ, ರೇ, ಕೋಮಲ ಗ, ಶುದ್ಧ ಮ, ತೀವ್ರ ಮ, ಪ, ಮಂದ್ರದ ಪ, ತಿರುಗಿ ಸಾ. ಒಂದೊಂದು ಸ್ವರಕ್ಕೂ ಮೂರು ಮಾತ್ರೆ ಕೊಡಿ. ಅಂದರೆ ಮೂರು ಮಾತ್ರೆಯ ಎಂಟು ವಿಭಾಗ, ಒಟ್ಟು 24 ಮಾತ್ರೆಯ ಒಂದು ಆವರ್ತನ. ನಿದ್ದೆಗಣ್ಣಲ್ಲೂ ಬೆರಳು ತಪ್ಪದಷ್ಟು ಸಲ ನುಡಿಸಿ. ಬಾಯಲ್ಲಿ ಹಾಡಿಕೊಳ್ಳಿ. ಮ ಎರಡೂ ಒಂದರ ಹಿಂದೆ ಒಂದು ಬರುತ್ತವಲ್ಲ, ಅಲ್ಲಿ ಹೊಟ್ಟೆಯಲ್ಲಿ ಏನೋ ಎಳೆದ ಹಾಗೆ ಆಗುತ್ತದೆ. ಅದನ್ನು ನೆನಪಿಡಿ.

ಈ ಎಂಟು ಸ್ವರವೇ ಸಿಂಫನಿಯ ನಾಲ್ಕನೇ ಭಾಗದ ಬುನಾದಿ. ಬ್ರಾಮ್ಸ್ ಇದನ್ನು ತಮಗಿಂತ ಹಿಂದಿನ ಸಂಗೀತಕಾರ ಬಾಖ್ ಅವರ 150ನೇ ಕಂಟಾಟಾದ (ವಾದ್ಯಗಳ ಜೊತೆ ಹಾಡುವ ಭಕ್ತಿಕೃತಿ) ಕೊನೆಯ ಭಾಗದಿಂದ ತೆಗೆದುಕೊಂಡರು. ಅಲ್ಲಿ ಇದು ಮಂದ್ರದಲ್ಲಿ ತಿರುಗಿ ತಿರುಗಿ ಬರುವ ಸ್ವರಮಾಲೆ. ತೀವ್ರ ಮಧ್ಯಮ ಮಾತ್ರ ಬಾಖ್ ಅವರದಲ್ಲ, ಬ್ರಾಮ್ಸ್ ಸೇರಿಸಿದ್ದು. ಆ ಎಳೆತ ಅವರದೇ.

ಈಗ ರೆಕಾರ್ಡಿಂಗ್ ಹಾಕಿ. ಆದರೆ ಮೊದಲಿನಿಂದ ಬೇಡ, ನಾಲ್ಕನೇ ಭಾಗದಿಂದ ಶುರು ಮಾಡಿ. ಕಛೇರಿಯಲ್ಲಿ ಕೂತವರು ಹೀಗೆ ಮಾಡಲಿಕ್ಕೆ ಆಗುವುದಿಲ್ಲ. ರೆಕಾರ್ಡಿಂಗ್ ಇದ್ದವರಿಗೆ ಆ ಅನುಕೂಲ ಇದೆ, ಅದನ್ನು ಯಾಕೆ ಬಿಡಬೇಕು? ಒಂಬತ್ತು ನಿಮಿಷದ ಸುಮಾರಿನ ಭಾಗ ಇದು. ಊದುವ ವಾದ್ಯಗಳೆಲ್ಲ ಸೇರಿ ನೀವು ಈಗ ತಾನೇ ನುಡಿಸಿದ ಎಂಟು ಸ್ವರವನ್ನು ಜೋರಾಗಿ ಮುಂದಿಡುತ್ತವೆ. ಟ್ರಾಂಬೋನ್ ಅನ್ನುವ ದೊಡ್ಡ ಹಿತ್ತಾಳೆ ವಾದ್ಯ ಮೂರು ಇವೆ. ಆ ಮೂವರೂ ಮೊದಲಿನ ಮೂರು ಭಾಗ, ಅಂದರೆ ಸುಮಾರು ಅರ್ಧ ಗಂಟೆ, ಒಂದೂ ಸ್ವರ ನುಡಿಸದೆ ಕೂತಿರುತ್ತಾರೆ. ಬ್ರಾಮ್ಸ್ ಆ ಮೂವರನ್ನು ಕಾದಿಟ್ಟಿದ್ದು ಈ ಎಂಟು ಸ್ವರಕ್ಕಾಗಿ.

ಅದು ಮೊದಲ ಆವರ್ತನ. ಆಮೇಲೆ 30 ಸಲ ಅದೇ ಎಂಟು ವಿಭಾಗ ಸುತ್ತಿ ಬರುತ್ತದೆ. ಸಲಕ್ಕೊಂದು ಹೊಸ ಉಡುಗೆ. ಕಡೆಗೆ ಲಯ ಏರಿ ಒಂದು ಮುಕ್ತಾಯ. ತಾಳ ಎಲ್ಲಿದೆ ಅಂತ ಕೇಳಿದಿರಿ, ಇಲ್ಲಿದೆ ನೋಡಿ. ಬೆರಳಿನ ಮೇಲೆ ಎಂಟರ ತನಕ ಎಣಿಸಿ, ಸಮ್ (ಆವರ್ತನದ ಮೊದಲ ಮಾತ್ರೆ) ಬಂತು, ಮತ್ತೆ ಒಂದು. ತಬಲಾದ ಠೇಕಾ ಇಲ್ಲ, ಆದರೆ ಆವರ್ತನ ಕಲ್ಲಿನಷ್ಟು ಗಟ್ಟಿ.

ಎಂಟು ಸ್ವರ ಸದಾ ಮೇಲೆಯೇ ಕೇಳುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕೈದು ಆವರ್ತನ ಆಗುವ ಹೊತ್ತಿಗೆ ಅದು ಕೆಳಗೆ ಇಳಿದು ಚೆಲ್ಲೋ, ಡಬಲ್ ಬಾಸ್‌ಗಳ ಪಾಲಾಗುತ್ತದೆ. ಮೇಲೆ ವಯೊಲಿನ್‌ಗಳು ಬೇರೆಯೇ ಒಂದು ದೊಡ್ಡ ಹಾಡು ಹಿಡಿಯುತ್ತವೆ. ಹೊಸಬರ ಕಿವಿ ಆ ಹಾಡಿನ ಹಿಂದೆ ಓಡುತ್ತದೆ. ಓಡಲಿ, ತಪ್ಪಿಲ್ಲ. ಆದರೆ ಎರಡನೇ ಸಲ ಕೇಳುವಾಗ ಕೆಳಗೆ ಇಳಿಯಿರಿ. ಯಾರ ಹಿಂದೆ ಹೋಗಬೇಕು ಅನ್ನುವ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ: ಕೆಳಗಿನವರ ಹಿಂದೆ ಹೋಗಿ. ಕೆಲವು ಕಡೆ ಒಂದೆರಡು ಸ್ವರ ಬೇರೆ ವಾದ್ಯಗಳ ನಡುವೆ ಅಡಗಿರುತ್ತವೆ, ಕಿವಿಗೆ ಸಿಗುವುದಿಲ್ಲ. ಆಗ ಎಣಿಕೆ ಬಿಡಬೇಡಿ. ಎಣಿಕೆ ನಿಮ್ಮನ್ನು ಸಮ್‌ಗೆ ತಂದು ಬಿಡುತ್ತದೆ.

ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ತಬಲಾ ಕಲಿಯಲು ಬರುವ ಮಕ್ಕಳಿಗೆ ಇದನ್ನು ಹಾಕಿ ಎಣಿಸಲು ಹೇಳಿದ್ದೆ. ಯಾವ ವಾದ್ಯ, ಯಾವ ದೇಶ, ಏನೂ ಹೇಳಿರಲಿಲ್ಲ. ಮಕ್ಕಳು ತೊಡೆಯ ಮೇಲೆ ಬೆರಳು ಇಟ್ಟು ಎಣಿಸುತ್ತ ಹೋದರು. 13ನೇ ಆವರ್ತನಕ್ಕೆ ಎಲ್ಲರ ಬೆರಳೂ ನಿಂತಿತು. ಒಂಬತ್ತನೇ ಇಯತ್ತೆಯ ಒಬ್ಬ ಹುಡುಗಿ ಮಾತ್ರ ಕಣ್ಣು ಮುಚ್ಚಿಕೊಂಡು ಎಣಿಸುತ್ತಲೇ ಇದ್ದಳು. ಮುಗಿದ ಮೇಲೆ ಕೇಳಿದಳು, ‘ಸರ್, ಮಾತ್ರೆ ಅದೇ ಇತ್ತು, ವಿಭಾಗ ಉದ್ದ ಆಯ್ತು ಅಲ್ವಾ?’ ಸರಿಯಾಗಿ ಅದೇ ಆಗಿದ್ದು. ಅಲ್ಲಿ ಮೂರು ಮಾತ್ರೆಯ ವಿಭಾಗ ಆರು ಮಾತ್ರೆಗೆ ಹಿಗ್ಗುತ್ತದೆ. ಎಂಟು ವಿಭಾಗ ಹಾಗೇ ಉಳಿಯುತ್ತವೆ. ಗದ್ದಲವೆಲ್ಲ ಇಳಿದು ಒಂದೇ ಒಂದು ಕೊಳಲು ಉಳಿಯುತ್ತದೆ. ಪಾಶ್ಚಾತ್ಯ ಕೊಳಲು, ಫ್ಲೂಟ್. ಹಿಂದೆ ತಂತಿವಾದ್ಯಗಳು ಒಲ್ಲದ ಮನಸ್ಸಿನಿಂದ ಎಂಬಂತೆ ಮೆಲ್ಲಗೆ ತಟ್ಟುತ್ತಿರುತ್ತವೆ. ಕೊಳಲು ಮೇಲೇರಲು ನೋಡುತ್ತದೆ, ಜಾರುತ್ತದೆ, ಮತ್ತೆ ಏರುತ್ತದೆ. ವಿಲಂಬಿತದ ಬಡಾ ಖ್ಯಾಲ್ ಕೇಳಿದವರಿಗೆ ಆ ಒಂಟಿತನ ಹೇಳಿಕೊಡಬೇಕಾಗಿಲ್ಲ. ಕ್ಲೈಬರ್ ರೆಕಾರ್ಡಿಂಗಿನ ಆ ಒಂದು ಆವರ್ತನವನ್ನು ನಾನು ಎಷ್ಟು ಸಲ ಕೇಳಿದರೂ ಉಸಿರು ಹಿಡಿದೇ ಕೇಳುತ್ತೇನೆ.

ಆಮೇಲೆ ಕೋಮಲ ಗಾಂಧಾರ ಶುದ್ಧವಾಗುತ್ತದೆ. 15ನೇ ಆವರ್ತನದಲ್ಲಿ ಟ್ರಾಂಬೋನ್‌ಗಳು ಮತ್ತೆ ಬರುತ್ತವೆ, ಈ ಸಲ ಅಬ್ಬರ ಇಲ್ಲ, ಪ್ರಾರ್ಥನೆಯ ದನಿ. ಎಲ್ಲ ಸರಿಹೋಯಿತು ಅನಿಸುತ್ತದೆ. ಆದರೆ 17ನೆಯದಕ್ಕೆ ಮೊದಲಿನ ಎಂಟು ಸ್ವರ ಅದೇ ಕಟುವಾದ ದನಿಯಲ್ಲಿ ತಿರುಗಿ ನಿಲ್ಲುತ್ತದೆ, ಅದರ ಮೇಲೆ ವಯೊಲಿನ್‌ಗಳು ಮೇಲಿನಿಂದ ಧುಮುಕುತ್ತವೆ. ಎಣಿಸುತ್ತ ಬಂದವರಿಗೆ ಅಲ್ಲಿ ಮೈ ಜುಮ್ ಅನ್ನದೆ ಇರುವುದಿಲ್ಲ. ಸುಮ್ನೆ ಕೇಳಿದವರಿಗೆ ಜೋರಾಗಿ ಏನೋ ಬಂತು ಅಷ್ಟೇ ಅನಿಸುತ್ತದೆ. ಎಣಿಸಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಇನ್ನು ರಾಗದ ಮಾತು. ಇದರಲ್ಲಿ ರಾಗ ಹುಡುಕಬೇಡಿ, ಸಿಗುವುದಿಲ್ಲ. ನಮ್ಮಲ್ಲಿ ತಂಬೂರಿ ಸಾ-ಪ ಹಿಡಿದಿರುತ್ತದೆ, ಪ್ರತಿ ಸ್ವರಕ್ಕೂ ಅದರಿಂದಲೇ ಅರ್ಥ. ಇವರಲ್ಲಿ ತಂಬೂರಿ ಇಲ್ಲ. ಸ್ವರದ ಕೆಳಗೆ ಬೇರೆ ಬೇರೆ ಸ್ವರಗಳನ್ನು ಇಟ್ಟು ಅದರ ಬಣ್ಣ ಬದಲಿಸುತ್ತಾರೆ. ಇದನ್ನು ಓದಿ ತಿಳಿಯುವುದಕ್ಕಿಂತ ನುಡಿಸಿ ತಿಳಿಯುವುದು ಸುಲಭ. ಬಲಗೈಯಲ್ಲಿ ಸಾ ಒತ್ತಿ ಹಿಡಿಯಿರಿ. ಅದರ ಜೊತೆ ಕೋಮಲ ಗ ಮತ್ತು ಪ ಒತ್ತಿ. ಕೇಳಿದಿರಾ? ಈಗ ಸಾ ಬಿಡದೆ ಆ ಎರಡನ್ನೂ ಬಿಟ್ಟು ಕೆಳಗಿನ ಶುದ್ಧ ಮ ಮತ್ತು ಕೋಮಲ ಧ ಒತ್ತಿ. ಆಮೇಲೆ ಮ ಬಿಟ್ಟು, ಕೋಮಲ ಧ ಜೊತೆಗೆ ಮೇಲಿನ ಕೋಮಲ ಗ ಒತ್ತಿ. ಸಾ ಅದೇ. ಆದರೆ ಮೊದಲು ಮನೆಯಲ್ಲಿತ್ತು, ಆಮೇಲೆ ಹೊರಗೆ ಹೊರಟಿತು, ಕಡೆಗೆ ಬಿಸಿಲಿಗೆ ಬಂದು ನಿಂತಿತು, ಅಲ್ವಾ? ಬ್ರಾಮ್ಸ್ ನಾಲ್ಕನೇ ಭಾಗದ ಮೊದಲ ಸಾ ಕೆಳಗೆ ಇಟ್ಟಿದ್ದು ಆ ಎರಡನೆಯ ಜೋಡಿ, ಮ ಮತ್ತು ಧ. ಅದಕ್ಕೇ ಅದು ಶುರುವಾಗುವಾಗಲೇ ಅರ್ಧ ದಾರಿಯಲ್ಲಿ ಇದ್ದ ಹಾಗೆ ಕೇಳುತ್ತದೆ. 31 ಆವರ್ತನಗಳಲ್ಲಿ ಎಂಟು ಸ್ವರ ಹೆಚ್ಚುಕಡಿಮೆ ಬದಲಾಗದೆ, ಅವುಗಳ ಸಂಗಾತಿಗಳು ಬದಲಾಗುತ್ತ ಹೋಗುವುದೇ ಇಲ್ಲಿನ ಬೆಳವಣಿಗೆ. ನಮ್ಮಲ್ಲಿ ಆಲಾಪದಿಂದ ಬೆಳೆಯುವುದು ಅಲ್ಲಿ ಹೀಗೆ ಬೆಳೆಯುತ್ತದೆ.

ಕೊನೆಯ ಭಾಗ ಒಂದು ಹಂತಕ್ಕೆ ಕಿವಿಯಲ್ಲಿ ಕೂತ ಮೇಲೆ ಮೊದಲ ಭಾಗಕ್ಕೆ ಹೋಗಿ. ಪೀಠಿಕೆ ಇಲ್ಲ, ವಯೊಲಿನ್‌ಗಳು ನೇರ ಹಾಡಿಗೇ ಇಳಿಯುತ್ತವೆ: ಪ-ಗ, ಸಾ-ಧ, ಮ-ರೇ, ನಿ-ಪ. ಗ, ಧ ಕೋಮಲ. ಎರಡೆರಡು ಸ್ವರದ ಜೋಡಿ. ಒಂದು ಗಿಡ್ಡ, ಒಂದು ಉದ್ದ. ಒಂದು ಜೋಡಿ ಇಳಿಯುತ್ತದೆ, ಮುಂದಿನ ಜೋಡಿ ಜಿಗಿದು ಏರುತ್ತದೆ. ಗಿಡ್ಡ ಸ್ವರ ಸಮ್‌ಗಿಂತ ಮೊದಲೇ ಏಳುತ್ತದೆ, ಉದ್ದದ್ದು ಸಮ್ ಮೇಲೆ ಬೀಳುತ್ತದೆ, ನಮ್ಮ ಮುಖಡಾದ ಹಾಗೆಯೇ. ಇದನ್ನೂ ಹಾರ್ಮೋನಿಯಂ ಮೇಲೆ ನುಡಿಸಿ ನೋಡಿ. ಹಾಗೆ ನುಡಿಸಿ ಕಲಿತವರು ಆಮೇಲೆ ನಾಲ್ಕನೇ ಭಾಗದ ಕೊನೆಯ ಎರಡು ಆವರ್ತನಗಳನ್ನು ಕೇಳಬೇಕು. ಈ ಜೋಡಿಗಳು ಅಲ್ಲಿ ಮತ್ತೆ ಬರುತ್ತವೆ, ಎಂಟು ಸ್ವರದ ಮೇಲೆ ಕೂತು ಬರುತ್ತವೆ. 40 ನಿಮಿಷದ ಆ ತುದಿ ಈ ತುದಿ ಗಂಟು ಬೀಳುವ ಜಾಗ ಅದು.

ಎರಡನೇ ಭಾಗದ ಬಗ್ಗೆ ನಿಮಗೆ ಜಾಸ್ತಿ ಹೇಳಬೇಕಾಗಿಲ್ಲ. ಹಾರ್ನ್ ವಾದ್ಯಗಳು ಒಂಟಿಯಾಗಿ ಶುರು ಮಾಡುತ್ತವೆ. ಸಾ, ಅದರ ಮೇಲೆ ಕೋಮಲ ರಿ, ಕೋಮಲ ಗ. ಕೆಳಗೆ ಕೋಮಲ ನಿ, ಕೋಮಲ ಧ. ಯಾವ ಥಾಟ್ (ಸ್ವರಸಾಲು) ಅಂತ, ಕಛೇರಿಯ ಕೊನೆಗೆ ಭೈರವಿ ಕೇಳಿ ಮನೆಗೆ ಹೋಗುವ ನಮ್ಮೂರ ಜನಕ್ಕೆ ಬೇರೆ ಹೇಳಬೇಕೆ? ಇದು ಭೈರವಿ ರಾಗ ಅಲ್ಲ, ಚಲನೆ ಬೇರೆ. ಆದರೆ ಸ್ವರಗಳು ಅವೇ. ಪಾಶ್ಚಾತ್ಯರು ಈ ಸ್ವರಸಾಲಿಗೆ ಫ್ರಿಜಿಯನ್ ಅನ್ನುತ್ತಾರೆ. ಸ್ವಲ್ಪ ಹೊತ್ತಿಗೆ ತಂತಿಗಳನ್ನು ಬೆರಳಿನಿಂದ ಮೀಟುತ್ತ ಅದೇ ಹಾಡನ್ನು ಶುದ್ಧ ಗಾಂಧಾರಕ್ಕೆ ತಿರುಗಿಸುತ್ತಾರೆ. ಷಡ್ಜ ಕದಲುವುದಿಲ್ಲ. ಅಲ್ಲಿ ಕತ್ತಲು ಹರಿದ ಹಾಗೆ ಆಗುತ್ತದೆ. ಮುಂದೆ ಚೆಲ್ಲೋಗಳು ಒಂದು ಹಾಡು ಹಾಡುತ್ತವೆ, ಅದಕ್ಕಾಗಿ ಕಾಯಿರಿ.

ಮೂರನೇ ಭಾಗ ಆರು ನಿಮಿಷದ್ದು, ಕುಣಿತ, ಟಣ್ ಟಣ್ ಅನ್ನುವ ಟ್ರಯಾಂಗಲ್. ಅದಕ್ಕೆ ಯಾರ ಸಹಾಯವೂ ಬೇಡ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಕೆಲಸ, ಧಾರವಾಡದಲ್ಲಿ ಮನೆ. ದಿನಾ ಚಿಗರಿ ಬಸ್ಸಿನಲ್ಲಿ ಓಡಾಡುವಾಗ ಈ ಸಿಂಫನಿ ಫೋನಿನಲ್ಲಿ ಹಾಕಿದೆ. ಒಮ್ಮೆ ಏನೂ ಕೇಳುವುದಿಲ್ಲ, ವಾಲ್ಯೂಮ್ ಏರಿಸಿದರೆ ಮರುಕ್ಷಣ ಕಿವಿ ಹರಿಯುವಷ್ಟು ಜೋರು. ರೆಕಾರ್ಡಿಂಗ್ ಸರಿಯಿಲ್ಲವೇ?

ಉತ್ತರ: ರೆಕಾರ್ಡಿಂಗ್ ಸರಿಯಾಗಿಯೇ ಇದೆ. ಸಿನಿಮಾ ಹಾಡಿನಲ್ಲಿ ದನಿ ಪೂರ್ತಿ ಒಂದೇ ಮಟ್ಟಕ್ಕೆ ಇರುವ ಹಾಗೆ ಒತ್ತಿ ಸಮ ಮಾಡಿರುತ್ತಾರೆ, ಬಸ್ಸಿನಲ್ಲೂ ಕೇಳಲಿ ಅಂತ. ಸಿಂಫನಿಯಲ್ಲಿ ಒಂದು ಕೊಳಲಿನ ಮೆಲುದನಿಗೂ ಇಡೀ ಮೇಳದ ಅಬ್ಬರಕ್ಕೂ ಇರುವ ಅಂತರವೇ ಸಂಗೀತದ ಭಾಗ. ಅದನ್ನು ಸಮ ಮಾಡಿದರೆ ಉಳಿಯುವುದು ಕಡಿಮೆ. ಹಾಗಾಗಿ ಬಸ್ಸಿನಲ್ಲಿ ಬೇಡ. ಮನೆಗೆ ಬಂದು, ಊಟ ಆದ ಮೇಲೆ, ಫ್ಯಾನ್ ನಿಲ್ಲಿಸಿ ಕೇಳಿ. ವಾಲ್ಯೂಮ್ ಹೇಗೆ ಇಡಬೇಕು ಅಂದರೆ, ನಾಲ್ಕನೇ ಭಾಗದ ಶುರುವಿನ ಜೋರು ಕಿವಿಗೆ ತುಂಬಿದ ಹಾಗೆ, ಆದರೆ ನೋಯದ ಹಾಗೆ ಒಮ್ಮೆ ಹೊಂದಿಸಿ. ಆಮೇಲೆ ಮುಟ್ಟಬೇಡಿ. ಮೆಲ್ಲಗಿನ ಜಾಗ ಬಂದರೆ ನೀವೇ ಕಿವಿ ಕೊಟ್ಟು ಹತ್ತಿರ ಹೋಗಿ.

ಇನ್ನೊಂದು ಮಾತು. ಫೋನಿನ ಸ್ಪೀಕರಿನಲ್ಲಿ ದಯವಿಟ್ಟು ಕೇಳಬೇಡಿ. ಡಬಲ್ ಬಾಸ್‌ನ ಕೆಳಗಿನ ತಂತಿ ಸೆಕೆಂಡಿಗೆ 41 ಸಲದ ಸುಮಾರು ಕಂಪಿಸುತ್ತದೆ. ಅದು ಬಿಳಿ ಮೂರರದೇ ಷಡ್ಜ, ಬಹಳ ಕೆಳಗಿನದು. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ದನಿ ತರುವ ಶಕ್ತಿ ಇಲ್ಲ. ತಬಲಾ ರೆಕಾರ್ಡಿಂಗನ್ನು ಫೋನಿನಲ್ಲಿ ಕೇಳಿದರೆ ಡಗ್ಗಾ ಮಾಯವಾಗಿ ಬರೀ ಚಾಟಿ ಕೇಳುತ್ತದಲ್ಲ, ಅದೇ ತೊಂದರೆ ಇಲ್ಲಿಯೂ. ಗದಗಿನ ಅಕ್ಕೋರಿಗೆ ಕೆಳಗಿನವರ ಹಿಂದೆ ಹೋಗಿ ಅಂದೆ. ಆ ಕೆಳಗಿನವರೇ ಇಲ್ಲದಿದ್ದರೆ ಹೋಗುವುದೆಲ್ಲಿಗೆ? ದುಬಾರಿ ಸಾಮಾನು ಬೇಕಾಗಿಲ್ಲ. ಕಿವಿ ಮುಚ್ಚುವ ಸಾಧಾರಣ ಹೆಡ್‌ಫೋನ್ ಸಾಕು. ಮನೆಯಲ್ಲಿ ಹಳೆಯ ಟೇಪ್ ರೆಕಾರ್ಡರಿನ ದೊಡ್ಡ ಸ್ಪೀಕರ್ ಡಬ್ಬಿಗಳಿದ್ದರೆ ಅವನ್ನು ಸರಿಮಾಡಿಸಿ ಜೋಡಿಸಿ, ಇನ್ನೂ ಒಳ್ಳೆಯದು.

ಪ್ರಶ್ನೆ: ಹುಡುಕಿದರೆ ಇದೇ ಸಿಂಫನಿಯ ಎಷ್ಟೊಂದು ರೆಕಾರ್ಡಿಂಗ್ ಸಿಗುತ್ತವೆ. ಎಲ್ಲರ ಮುಂದೆಯೂ ಬರೆದಿಟ್ಟ ಸ್ವರಗಳು ಅವೇ. ಹಾಗಿದ್ದ ಮೇಲೆ ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ? ಕಲಾವಿದನ ಕಲ್ಪನೆಗೆ ಜಾಗ ಎಲ್ಲಿ? (ಹಾವೇರಿಯ ಕಾಲೇಜು ವಿದ್ಯಾರ್ಥಿ)

ಉತ್ತರ: ತಮ್ಮಾ, ಒಳ್ಳೆಯ ಪ್ರಶ್ನೆ. ಮೂರು ರೆಕಾರ್ಡಿಂಗ್ ತೆಗೆದುಕೊಂಡು, ಮೂರರಲ್ಲೂ ಮೊದಲ ಭಾಗದ ಮೊದಲ ಒಂದೇ ನಿಮಿಷ ಕೇಳು. ಪೂರ್ತಿ ಬೇಡ.

ಒಂದು, ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ 1948ರಲ್ಲಿ ಜನರ ಮುಂದೆ ನುಡಿಸಿದ್ದು. ದನಿ ಹಳೆಯದು, ಮೋನೊ. ಆದರೆ ಆ ಮೊದಲ ಗಿಡ್ಡ ಸ್ವರವನ್ನು ಅವರು ಎಳೆದು ಹಿಡಿಯುವುದು ಕೇಳು. ಅದು ಎಲ್ಲಿಂದಲೋ ಮೂಡಿ ಬಂದ ಹಾಗೆ ಬರುತ್ತದೆ. ಮೆಲ್ಲಗೆ ಶುರು ಮಾಡಿದವರು ಆ ಭಾಗದ ಕೊನೆಗೆ ಲಯವನ್ನು ಎಲ್ಲಿಗೆ ಒಯ್ದಿರುತ್ತಾರೆ ಅಂದರೆ, ತಬಲಾದವನಾಗಿ ನನ್ನ ಕೈಯೇ ಬೆವರುತ್ತದೆ. ಎರಡು, ಬ್ರೂನೋ ವಾಲ್ಟರ್ 1959ರಲ್ಲಿ ಕೊಲಂಬಿಯಾ ಸಿಂಫನಿ ಆರ್ಕೆಸ್ಟ್ರಾ ಜೊತೆ ಮಾಡಿದ ಸ್ಟೀರಿಯೋ ರೆಕಾರ್ಡಿಂಗ್. ಆಗ ಅವರು 80 ದಾಟಿದವರು. ಅವಸರವೇ ಇಲ್ಲ, ಎಲ್ಲರನ್ನೂ ಕೂರಿಸಿಕೊಂಡು ಮಾತಾಡಿದ ಹಾಗೆ ನುಡಿಸುತ್ತಾರೆ. ಮೂರು, ಕ್ಲೈಬರ್ 1980ರಲ್ಲಿ ಮಾಡಿದ್ದು. ಇವರ ಲಯ ಚುರುಕು, ಆದರೆ ಓಟ ಅಲ್ಲ. ಆ ಎರಡೆರಡು ಸ್ವರದ ಜೋಡಿಗಳನ್ನು ಒಂದರಿಂದ ಒಂದಕ್ಕೆ ಬಿಗಿ ಸಡಿಲದೆ ಹೆಣೆಯುತ್ತಾರೆ. ಕೆಳಗಿನ ವಾದ್ಯಗಳ ಮಾತು ಸ್ಪಷ್ಟವಾಗಿ ಕೇಳುತ್ತದೆ. ಹೊಸಬರಿಗೆ ನಾನು ಇದನ್ನೇ ಮೊದಲು ಕೊಡುವುದಕ್ಕೆ ಕಾರಣ ಅದೇ.

ಬರೆದ ಸ್ವರಗಳು ಅವೇ, ನಿಜ. ಆದರೆ ಒಂದು ಸ್ವರ ಎಷ್ಟು ತೂಗಬೇಕು, ಎರಡು ಸ್ವರಗಳ ನಡುವೆ ಉಸಿರು ಎಲ್ಲಿ, ಕ್ಲಾರಿನೆಟ್ ಮುಂದೋ ವಯೊಲಿನ್ ಮುಂದೋ, ಇದ್ಯಾವುದೂ ಕಾಗದದ ಮೇಲೆ ಪೂರ್ತಿ ಬರುವುದಿಲ್ಲ. ಮೇಳ ನಡೆಸುವ ಕಂಡಕ್ಟರ್ ಅಷ್ಟೂ ಜನರ ಕೈಯಲ್ಲಿ ಅದನ್ನು ಮಾಡಿಸಬೇಕು. ಅದೇ ಚೀಜನ್ನು (ಬಂದಿಶನ್ನು) ಕಿರಾಣಾ ಘರಾಣೆಯ ಭೀಮಸೇನ ಜೋಶಿಯವರೂ ಜೈಪುರ-ಅತ್ರೌಲಿ ಘರಾಣೆಯ ಮಲ್ಲಿಕಾರ್ಜುನ ಮನ್ಸೂರರೂ ಹಾಡಿದರೆ ಒಂದೇ ಆಗುತ್ತದೆಯೇ? ಅಲ್ಲಿ ಕಲ್ಪನೆಗೆ ಬಯಲು ದೊಡ್ಡದು, ಇಲ್ಲಿ ಸಣ್ಣದು. ಸಣ್ಣ ಬಯಲಿನಲ್ಲಿ ಹೆಜ್ಜೆ ಇನ್ನೂ ನಿಖರ ಇರಬೇಕಾಗುತ್ತದೆ.

ಕ್ಲೈಬರ್ 1930ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿ 2004ರಲ್ಲಿ ತೀರಿಕೊಂಡರು. ತಂದೆ ಎರಿಕ್ ಕ್ಲೈಬರ್ ಕೂಡ ದೊಡ್ಡ ಕಂಡಕ್ಟರ್. ಮಗ ಜೀವಮಾನದಲ್ಲಿ ಮಾಡಿದ ರೆಕಾರ್ಡಿಂಗ್‌ಗಳು ಬಹಳ ಕಡಿಮೆ. ಕಛೇರಿಯಲ್ಲಲ್ಲದೆ ರೆಕಾರ್ಡಿಂಗ್‌ಗೆಂದೇ ನುಡಿಸಿದ ಸಿಂಫನಿಗಳಲ್ಲಿ ಬೀಥೋವನ್ ಅವರ ಐದನೆಯದು, ಏಳನೆಯದು, ಶೂಬರ್ಟ್ ಅವರ ಮೂರನೆಯದು, ಎಂಟನೆಯದು, ಆಮೇಲೆ ಈ ಬ್ರಾಮ್ಸ್. ಎಲ್ಲವೂ ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆಯವೇ. ಕೈಗೆ ಸಿಕ್ಕಿದ್ದನ್ನೆಲ್ಲ ರೆಕಾರ್ಡ್ ಮಾಡುವವರ ನಡುವೆ ಹೀಗೆ ಆರಿಸಿ ಆರಿಸಿ ನುಡಿಸಿದವರ ಬಗ್ಗೆ ನನಗೆ ಬಹಳ ಗೌರವ.

ಪ್ರಶ್ನೆ: ನಾನು ಧಾರವಾಡದಲ್ಲಿ ಗಾಯನ ಕಲಿಯುತ್ತಿರುವವಳು. ನಿಮ್ಮ ಮಾತು ಕೇಳಿ ಎಣಿಸಿ ಕೇಳಿದೆ, ಎಂಟು ಸ್ವರ ಸಿಕ್ಕಿತು. ಆದರೆ ಇದು ಲೆಕ್ಕದ ಸಂಗೀತ ಅನಿಸಿತು. ಬುದ್ಧಿ ಇದೆ, ಭಾವ ಎಲ್ಲಿ?

ಉತ್ತರ: ಈ ಮಾತು ಹೇಳಿದವರಲ್ಲಿ ನೀನು ಮೊದಲನೆಯವಳಲ್ಲಮ್ಮ. 1885ರಲ್ಲಿ ಸಿಂಫನಿ ಇನ್ನೂ ಹೊರಬರುವ ಮುಂಚೆ ಬ್ರಾಮ್ಸ್ ತಮ್ಮ ಗೆಳೆಯ ಇಗ್ನಾಝ್ ಬ್ರ್ಯೂಲ್ ಜೊತೆ ಕೂತು ಎರಡು ಪಿಯಾನೋ ಮೇಲೆ ಅದನ್ನು ಆಪ್ತರಿಗೆ ನುಡಿಸಿ ತೋರಿಸಿದರು. ಕೇಳಿದವರಲ್ಲಿ ಎಡ್ವರ್ಡ್ ಹಾನ್ಸ್‌ಲಿಕ್ ಇದ್ದರು. ವಿಯೆನ್ನಾದ ದೊಡ್ಡ ವಿಮರ್ಶಕ, ಬ್ರಾಮ್ಸ್ ಪರವಾಗಿ ಸದಾ ನಿಂತವರು. ಮೊದಲ ಭಾಗ ಮುಗಿದ ಮೇಲೆ ಅವರು, ಇಬ್ಬರು ಭಯಂಕರ ಬುದ್ಧಿವಂತರು ಸೇರಿ ನನ್ನನ್ನು ಹೊಡೆದ ಹಾಗಾಯಿತು ಅಂದರಂತೆ. ಅಂಥವರಿಗೇ ಮೊದಲ ಕೇಳಿಗೆ ಹಾಗಾಗಿದೆ.

ಬ್ರಾಮ್ಸ್ ಅವರಿಗೂ ಆ ಅಂಜಿಕೆ ಇತ್ತು. ಈ ಸಿಂಫನಿಯನ್ನು ಅವರು 1884 ಮತ್ತು 1885ರ ಎರಡು ಬೇಸಿಗೆಗಳಲ್ಲಿ ಆಸ್ಟ್ರಿಯಾದ ಗುಡ್ಡಗಾಡಿನ ಮ್ಯುರ್ತ್ಸುಶ್ಲಾಗ್ ಎಂಬ ಊರಲ್ಲಿ ಕೂತು ಬರೆದರು. ಈ ಕಡೆ ಚೆರ್ರಿ ಹಣ್ಣು ಸಿಹಿಯಾಗುವುದಿಲ್ಲ, ನನ್ನ ಸಿಂಫನಿಗೂ ಇಲ್ಲಿನ ಹವಾದ ರುಚಿ ಹತ್ತಿದೆಯೋ ಏನೋ ಎಂಬ ಅರ್ಥದಲ್ಲಿ ಕಾಗದ ಬರೆದಿದ್ದರು. ಹುಳಿ ಇದೆ, ನಿಜ. ಸಿಹಿ ಮಾಡಲಿಕ್ಕೆ ಅವರು ಒಪ್ಪಲಿಲ್ಲ. ಕೋಮಲ ಗಾಂಧಾರದಲ್ಲಿ ಶುರುವಾದ ಸಿಂಫನಿಗಳು ಕೊನೆಗೆ ಶುದ್ಧ ಗಾಂಧಾರಕ್ಕೆ ತಿರುಗಿ ಗೆಲುವಿನಲ್ಲಿ ಮುಗಿಯುವುದು ರೂಢಿ. ಬ್ರಾಮ್ಸ್ ಅವರ ಮೊದಲನೇ ಸಿಂಫನಿಯೂ ಹಾಗೇ ಮುಗಿಯುತ್ತದೆ. ಇದು ಮಾತ್ರ ಕೋಮಲ ಗಾಂಧಾರದಲ್ಲಿ ಹುಟ್ಟಿ ಅಲ್ಲೇ, ಅಷ್ಟೇ ಬಿರುಸಿನಲ್ಲಿ, ಮುಗಿಯುತ್ತದೆ. ನಡುವೆ ಟ್ರಾಂಬೋನ್‌ಗಳು ಪ್ರಾರ್ಥಿಸಿದ್ದು ಕೇಳಿದೆಯಲ್ಲ, ಆ ಪ್ರಾರ್ಥನೆಗೆ ಉತ್ತರ ಬರಲಿಲ್ಲ. ಅದನ್ನು ಮುಚ್ಚಿಡದೆ ಹೇಳುವುದಕ್ಕಿಂತ ದೊಡ್ಡ ಭಾವ ಯಾವುದಮ್ಮ? ಲೆಕ್ಕ ಅದನ್ನು ಹಿಡಿದು ನಿಲ್ಲಿಸಿದೆ. ಲೆಕ್ಕ ಬಿಗಿ ಇಲ್ಲದಿದ್ದರೆ ಆ ದುಃಖ ಚೆಲ್ಲಿ ಹೋಗುತ್ತಿತ್ತು. ಒಂದೇ ತುಣುಕನ್ನು ಮೂರು ಸಲ ಹೇಳಿ ಸಮ್‌ಗೆ ಬರುವ ತಿಹಾಯಿ ಹಾಕುವಾಗ ನೀನು ಲೆಕ್ಕ ಹಾಕುವುದಿಲ್ಲವೇ? ಸಮ್‌ಗೆ ಬಂದಾಗ ಜನ ವಾಹ್ ಅನ್ನುವುದು ಲೆಕ್ಕಕ್ಕೋ ಭಾವಕ್ಕೋ ಅಂತ ಬಿಡಿಸಿ ಹೇಳಲಿಕ್ಕೆ ಬರುತ್ತದೆಯೇ?

ಇದೇ ಸಿಂಫನಿಯ ಒಂದು ಸಂಗತಿ ಇದೆ. 1885ರ ಅಕ್ಟೋಬರ್ 25ರಂದು ಜರ್ಮನಿಯ ಮೈನಿಂಗೆನ್‌ನಲ್ಲಿ ಬ್ರಾಮ್ಸ್ ತಾವೇ ನಿಂತು ಇದನ್ನು ಮೊದಲ ಸಲ ನಡೆಸಿದರು. ಅದಾಗಿ 11 ವರ್ಷಗಳ ಮೇಲೆ, 1897ರ ಮಾರ್ಚ್ 7ರಂದು, ವಿಯೆನ್ನಾದ ಮ್ಯೂಸಿಕ್‌ಫೆರೈನ್ ಸಭಾಂಗಣದಲ್ಲಿ ಹಾನ್ಸ್ ರಿಕ್ಟರ್ ಇದನ್ನು ನಡೆಸಿದಾಗ ಬ್ರಾಮ್ಸ್ ಕೇಳುಗರಾಗಿ ಬಂದಿದ್ದರು. ಕಾಯಿಲೆಯಿಂದ ಸೊರಗಿ ಗುರುತು ಸಿಗದ ಹಾಗೆ ಆಗಿದ್ದರು. ಪ್ರತಿ ಭಾಗ ಮುಗಿದಾಗಲೂ ಜನ ಅವರ ಕಡೆ ತಿರುಗಿ ಚಪ್ಪಾಳೆ ಹೊಡೆದರು. ಕೊನೆಯ ಭಾಗ ಮುಗಿದ ಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ. ಅವರು ಎದ್ದು ನಿಂತು ಅಳುತ್ತಿದ್ದರಂತೆ. ಏಪ್ರಿಲ್ 3ಕ್ಕೆ ತೀರಿಕೊಂಡರು. ಅಂದು ನುಡಿಸಿದ್ದು ವಿಯೆನ್ನಾ ಫಿಲ್‌ಹಾರ್ಮೋನಿಕ್. ನೀನು ಕೇಳಿದ ಕ್ಲೈಬರ್ ರೆಕಾರ್ಡಿಂಗನ್ನು ಅದೇ ಮೇಳ, ಅದೇ ಸಭಾಂಗಣದಲ್ಲಿ ಮಾಡಿದೆ. ಆ ಜನ ಎಂಟು ಸ್ವರ ಎಣಿಸುತ್ತ ಕೂತಿರಲಿಲ್ಲ. ಆದರೆ ಆ ಎಂಟು ಸ್ವರವೇ ಅವರನ್ನು ಅಲ್ಲಿಗೆ ಒಯ್ದಿತ್ತು. ಕೆಲವು ದಿನ ಬಿಟ್ಟು ಮತ್ತೆ ಕೇಳು. ಆ ಸಲ ಎಣಿಸಬೇಡ. ಎಣಿಕೆ ನಿನ್ನೊಳಗೆ ತಾನೇ ನಡೆಯುತ್ತದೆ.

ಪ್ರಶ್ನೆ: ಹುಬ್ಬಳ್ಳಿ-ಧಾರವಾಡದಲ್ಲಿ ಇಂಥದ್ದನ್ನು ಎದುರಿಗೆ ಕೂತು ಕೇಳಲು ಸಾಧ್ಯವೇ? ಇದಾದ ಮೇಲೆ ಏನು ಕೇಳಬೇಕು?

ಉತ್ತರ: ನಮ್ಮಲ್ಲಿ ಪೂರ್ಣ ಸಿಂಫನಿ ಮೇಳ ಇಲ್ಲ. ಹತ್ತಿರದ್ದು ಅಂದರೆ ಮುಂಬೈ. ಅಲ್ಲಿನ ಎನ್‌ಸಿಪಿಎ ಎಂಬ ಕಲಾಕೇಂದ್ರದಲ್ಲಿ 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಮುಂಬೈ. ಹೋಗುವ ಮುಂಚೆ ಅವರು ಯಾವ ಸಿಂಫನಿ ನುಡಿಸುತ್ತಾರೆ ಅಂತ ನೋಡಿಕೊಂಡು, ಅದನ್ನು ಮನೆಯಲ್ಲಿ ಚೆನ್ನಾಗಿ ಕೇಳಿಕೊಂಡು ಹೋಗಿ. ಹಾಗೇ, ಈಗಿನ ರೂಢಿಯಲ್ಲಿ ಭಾಗಗಳ ನಡುವೆ ಚಪ್ಪಾಳೆ ಹೊಡೆಯುವುದಿಲ್ಲ, ನಾಲ್ಕೂ ಮುಗಿದ ಮೇಲೆಯೇ.

ಇದಾದ ಮೇಲೆ ಬ್ರಾಮ್ಸ್ ಅವರೇ 1873ರಲ್ಲಿ ಬರೆದ ‘ಹೈಡನ್ ವೇರಿಯೇಶನ್ಸ್’ ಕೇಳಿ. 20 ನಿಮಿಷಕ್ಕಿಂತ ಕಡಿಮೆ. ಅದರ ಕೊನೆಯ ಭಾಗವೂ ಮಂದ್ರದಲ್ಲಿ ಸುತ್ತುವ ಸ್ವರಮಾಲೆಯ ಮೇಲೆ ಕಟ್ಟಿದ್ದು, ಆದರೆ ಅಲ್ಲಿನ ಆವರ್ತನ ಐದು ವಿಭಾಗದ್ದು. ಎಂಟಕ್ಕೆ ಒಗ್ಗಿದ ಬೆರಳು ಮೊದಲು ತಡವರಿಸುತ್ತದೆ. ಅಲ್ಲಿಂದ ಮುಂದೆ ಬಾಖ್ ಒಂದೇ ವಯೊಲಿನ್‌ಗೆ ಬರೆದ ‘ಡಿ ಮೈನರ್ ಶಕೋನ್’ ಎಂಬ ರಚನೆ. ಬ್ರಾಮ್ಸ್ ಅದನ್ನು ಪಿಯಾನೋದ ಎಡಗೈ ಒಂದಕ್ಕೇ ಅಳವಡಿಸಿದ್ದರು. ಮೊದಲು ವಯೊಲಿನ್‌ನಲ್ಲಿ ಕೇಳಿ, ಆಮೇಲೆ ಎಡಗೈಯದು. ಅದಕ್ಕೆ ಷಡ್ಜ ಬಿಳಿ ಎರಡು.